ಟ್ಯೂನಾ ಸಲಾಡ್: ಒಲೆ ಹಚ್ಚುವ ಕೆಲಸವಿಲ್ಲ

ಸದಸ್ಯರೇ, ಭಾನುವಾರ ತುಂಗೆಯ ದಂಡೆಯಲ್ಲಿ ಬುತ್ತಿ ಬಿಚ್ಚಿದಾಗ ನನ್ನ ಸಲಾಡಿನ ವಿಧಾನವನ್ನು ನಾಲ್ಕೈದು ಮಂದಿ ಕೇಳಿದ್ದೀರಿ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಇಲ್ಲಿಯೇ ಬರೆಯುತ್ತಿದ್ದೇನೆ.

ಡಬ್ಬಿಯ ಟ್ಯೂನಾ ಮೀನು ಬೆಂದೇ ಬಂದಿರುತ್ತದೆ, ಮತ್ತೆ ಬೇಯಿಸಬೇಡಿ. ಎಣ್ಣೆಯದಕ್ಕಿಂತ ಉಪ್ಪುನೀರಿನದು ಹಗುರ. ಜರಡಿಗೆ ಸುರಿದು, ಚಮಚದ ಬೆನ್ನಿನಿಂದ ಒತ್ತಿ ನೀರನ್ನು ಪೂರ್ತಿ ಇಳಿಸಿ. ಮೊದಲ ಸಲ ನಾನು ಎಡವಿದ್ದು ಇಲ್ಲಿಯೇ. ಸಲಾಡ್ ಹೋಗಿ ಸಾರಾಯಿತು. ಮುಳ್ಳುಸೌತೆಯ ತಿರುಳನ್ನೂ ಇದೇ ಕಾರಣಕ್ಕೆ ಕೆರೆದು ತೆಗೆಯಿರಿ. ಈರುಳ್ಳಿ, ಕೊತ್ತಂಬರಿ, ಒಂದೇ ಒಂದು ಸೂಜಿಮೆಣಸನ್ನು ಸಣ್ಣಗೆ ಹೆಚ್ಚಿ ಸೇರಿಸಿ. ಮೇಯನೇಸ್ ಬದಲು ಬಟ್ಟೆಯಲ್ಲಿ ಕಟ್ಟಿಟ್ಟ ಗಟ್ಟಿ ಮೊಸರು ಎರಡು ಚಮಚ, ಜೊತೆಗೆ ನಿಂಬೆರಸ. ಕಾಳುಮೆಣಸನ್ನು ಆಗಲೇ ಕುಟ್ಟಿ ಹಾಕಿ. ತೀರ್ಥಹಳ್ಳಿ ಕಡೆಯ ಮೆಣಸು ಮನೆಯಲ್ಲಿರುವಾಗ ಪೊಟ್ಟಣದ ಪುಡಿ ಏಕೆ? ಉಪ್ಪು ಕೊನೆಗೆ, ರುಚಿ ನೋಡಿದ ಮೇಲೆ. ಅಕ್ಕಿ ರೊಟ್ಟಿಗೆ ಚೆನ್ನಾಗಿ ಹೊಂದುತ್ತದೆ.

ನೀರು ಬಸಿದ 100 ಗ್ರಾಂ ಮೀನಿನಲ್ಲಿ ಸುಮಾರು 20ರಿಂದ 25 ಗ್ರಾಂ ಪ್ರೋಟೀನ್ ಇದೆ. ಆದರೆ ಟ್ಯೂನಾದಲ್ಲಿ ಪಾದರಸದ ಅಂಶವೂ ಇರುತ್ತದೆ; ಗರ್ಭಿಣಿಯರು ವೈದ್ಯರನ್ನು ಕೇಳಿಯೇ ತಿನ್ನಲಿ.

ಉಳಿದದ್ದನ್ನು ಡಬ್ಬಿಯಲ್ಲಿ ಬಿಡದೆ ಗಾಜಿನ ಪಾತ್ರೆಗೆ ಹಾಕಿ ಫ್ರಿಜ್ಜಿನಲ್ಲಿಡಿ. ಮಳೆಗೆ ಕರೆಂಟ್ ಹೋದ ದಿನವಾದರೆ, ತೆರೆದ ಡಬ್ಬಿಯನ್ನು ಆ ಊಟಕ್ಕೇ ಮುಗಿಸಿಬಿಡಿ.