ಮಗಳಿಗೊಂದು ಪತ್ರ: ಜಗಲಿಯಲ್ಲಿರುವ ಎಂಟು ನಿಯಾನ್

ಪೆರ್ಲ

ಪ್ರೀತಿಯ ಮಗಳೇ,

ನಿನ್ನೆ ಫೋನಿನಲ್ಲಿ ನಿನಗೆ ಸಿಟ್ಟು ಬಂದದ್ದು ಗೊತ್ತಾಯಿತು. ಎಂಟು ನಿಯಾನ್ ಟೆಟ್ರಾ ಮೀನು ತಂದು ನಾಲ್ಕು ದಿನ ಆಯ್ತು, ಅಪ್ಪ ಇನ್ನೂ ಟ್ಯಾಂಕಿಗೆ ಬಿಟ್ಟಿಲ್ಲ ಯಾಕೆ ಅಂತ. ಫೋನಿನಲ್ಲಿ ಹೇಳಿ ಮುಗಿಯುವ ಸಂಗತಿ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಮಂಗಳೂರಿಗೆ ಹೋದ ಮೇಲೆ ಟ್ಯಾಂಕಿನಲ್ಲಿ ಉಳಿದ ಹಳೆಯ ಮೂರು ನಿಯಾನ್‌ಗಳನ್ನು ದಿನಾ ನೋಡುತ್ತೇನೆ. ಯಾರಾದರೂ ಹತ್ತಿರ ನಡೆದರೆ ಸಾಕು, ಗಿಡದ ಹಿಂದೆ ಸೇರಿಬಿಡುತ್ತವೆ. ಹಾಕಿದ ಆಹಾರ ಅರ್ಧ ತಳಕ್ಕೆ ಇಳಿಯುತ್ತದೆ. ಅವು ಹಿಂಡಿನಲ್ಲಿ ಬದುಕುವ ಜಾತಿ. ಕಣ್ಣಿನಿಂದ ನೋಡಿ, ಮೈಯ ಪಕ್ಕದ ಗೆರೆಯಿಂದ ನೀರಿನ ಅಲುಗಾಟ ಅರಿತು, ಜೊತೆಗಾರರ ಒಟ್ಟಿಗೆ ತಿರುಗುತ್ತವೆ. ಆರಕ್ಕಿಂತ ಕಡಿಮೆಯಾದರೆ ಧೈರ್ಯವೇ ಇರುವುದಿಲ್ಲ. ಹೊಸತು ತರಲೇಬೇಕು ಎಂಬ ನಿನ್ನ ಮಾತು ಸರಿಯೇ.

ಆದರೆ ಹೋದ ವರ್ಷದ್ದು ನೆನಪುಂಟಲ್ಲ? ಹತ್ತು ತಂದೆವು, ಅದೇ ಸಂಜೆ ಹೊಸ ಟ್ಯಾಂಕಿಗೆ ಸುರಿದೆವು. ಆರನೇ ದಿನ ಮೈಮೇಲೆ ಉಪ್ಪಿನ ಹರಳು ಉದುರಿಸಿದ ಹಾಗೆ ಬಿಳಿ ಚುಕ್ಕೆ. ಏಳು ಹೋದವು. ಒಂದೊಂದನ್ನೇ ಬಲೆಯಲ್ಲಿ ಎತ್ತಿ ತೆಂಗಿನ ಬುಡದಲ್ಲಿ ಹುಗಿದವಳು ನೀನು. ಆ ಮುಖ ನಾನು ಮರೆತಿಲ್ಲ.

ಅದಕ್ಕೆ ಈ ಸಲ ಎಂಟನ್ನೂ ಜಗಲಿಯ ಹಳೆಯ 20 ಲೀಟರ್ ತೊಟ್ಟಿಯಲ್ಲಿ ಇಟ್ಟಿದ್ದೇನೆ, ಮೂರು ವಾರ. ರೋಗ ಏನಾದರೂ ಇದ್ದರೆ ಅಲ್ಲೇ ಕಾಣಬೇಕು. ದೊಡ್ಡ ಟ್ಯಾಂಕಿನ ಸ್ಪಾಂಜ್ ಫಿಲ್ಟರಿನ ಒಂದು ತುಂಡನ್ನೂ ಅದಕ್ಕೆ ಹಾಕಿದೆ. ಮೀನಿನ ಹೊಲಸಿನಿಂದ ಬರುವ, ಮೀನಿಗೇ ವಿಷವಾದ ಅಮೋನಿಯವನ್ನು ನೈಟ್ರೈಟ್ ಮಾಡಿ, ಮತ್ತೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯ ಇರುವುದು ಆ ಸ್ಪಾಂಜಿನಲ್ಲೇ. ಮೀನು ಹೆಚ್ಚಿದಷ್ಟು ಬೇಗ ಆ ಬ್ಯಾಕ್ಟೀರಿಯ ಹೆಚ್ಚುವುದಿಲ್ಲ. ನಮ್ಮ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಮುರಕಲ್ಲಿನ ನಡುವೆ ಇಳಿದು ಬರುವಂಥದ್ದು. ಮೃದು, ತುಸು ಆಮ್ಲೀಯ, ಕ್ಲೋರಿನ್ ಇಲ್ಲ. ಅಮೆಜಾನ್ ಕಡೆಯ ಈ ಮೀನಿಗೆ ಅದು ಹೇಳಿ ಮಾಡಿಸಿದ ಹಾಗೆ. ಆದರೆ ಆಮ್ಲೀಯ ನೀರಿನಲ್ಲಿ ಆ ಬ್ಯಾಕ್ಟೀರಿಯದ ಕೆಲಸ ನಿಧಾನ, ಆಯ್ತಾ? ಅದಕ್ಕೇ ಮೂರು ವಾರ ಕಳೆದ ಮೇಲೂ ದೊಡ್ಡ ಟ್ಯಾಂಕಿಗೆ ಮೊದಲು ನಾಲ್ಕು ಮೀನು, ಅಮೋನಿಯ ಸೊನ್ನೆ ತೋರಿಸಿದರೆ ಒಂದು ವಾರ ಬಿಟ್ಟು ಇನ್ನು ನಾಲ್ಕು.

ತಂದ ದಿನ ಚೀಲವನ್ನು ತೊಟ್ಟಿಯಲ್ಲಿ 20 ನಿಮಿಷ ತೇಲಿಸಿಟ್ಟೆ. ಆಮೇಲೆ ಐದೈದು ನಿಮಿಷಕ್ಕೆ ಚೀಲದೊಳಗೆ ಅರ್ಧ ಲೋಟ ನಮ್ಮ ನೀರು. ಅಂಗಡಿಯ ನೀರು ಒಳಗೆ ಹೋಗಬಾರದೆಂದು ಮೀನುಗಳನ್ನು ಬಲೆಯಲ್ಲಿ ಎತ್ತಿ ತೊಟ್ಟಿಗೆ ಬಿಟ್ಟೆ. ಎಂಟೂ ಮಾಸಲಾಗಿ, ಒಂದು ಮೂಲೆಯಲ್ಲಿ ಮುದ್ದೆಯಾಗಿ ನಿಂತಿದ್ದವು. ಇವತ್ತು ಬೆಳಿಗ್ಗೆ ಕಾಫಿ ಹಿಡಿದು ಹೋಗಿ ನೋಡಿದರೆ ಆ ನೀಲಿ ಗೆರೆ ಫಳಫಳ ಹೊಳೆಯುತ್ತಿತ್ತು. ಬೆರಳನ್ನು ಗಾಜಿನ ಹತ್ತಿರ ತಂದೆ. ಎಂಟೂ ಒಂದೇ ಸಲ ತಿರುಗಿದವು. ನಿನ್ನನ್ನು ಕೂಗಬೇಕೆನಿಸಿತು.

ನೀನು ಕಳಿಸಿದ ‘ಮಿಸ್ ಕೇರಳ’ ಮೀನಿನ ಫೋಟೋ ನೋಡಿದೆ. ಚಂದ ಉಂಟು, ಅದೂ ಹಿಂಡಿನ ಮೀನೇ. ಆದರೆ ಬೇಡ ಮಗಾ. ಅದು 15 ಸೆಂಟಿಮೀಟರ್ ಬೆಳೆಯುತ್ತದೆ, ಓಡುವ ತಂಪು ನೀರು ಬೇಕು, ನಮ್ಮ 60 ಲೀಟರಿನಲ್ಲಿ ಉಸಿರು ಕಟ್ಟುತ್ತದೆ. ಮತ್ತೆ ಅದು ನಮ್ಮ ಚಂದ್ರಗಿರಿ ಹೊಳೆಯದ್ದೇ ಮೀನು. ಅಕ್ವೇರಿಯಂ ವ್ಯಾಪಾರಕ್ಕೆಂದು ಹೊಳೆಗಳಿಂದ ಹಿಡಿದೂ ಹಿಡಿದೂ ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆಯ ಅಳಿವಿನಂಚಿನ ಪಟ್ಟಿಗೆ ಸೇರಿಬಿಟ್ಟಿದೆ. ಹೊಳೆಯಲ್ಲೇ ಇರಲಿ.

ದೀಪಾವಳಿಗೆ ನೀನು ಬರುವಾಗ ಹನ್ನೊಂದೂ ಒಟ್ಟಿಗೆ ಇರುತ್ತವೆ. ಬರುವಾಗ ಅಮೋನಿಯ ಟೆಸ್ಟ್ ಕಿಟ್ ಒಂದು ತಾ. ಇಲ್ಲಿಯದು ತಳ ಕಂಡಿದೆ.

ನಿನ್ನ
ಅಪ್ಪ