ಹಿರಿಯ ಮಗನ ಪಾಲು ನೆನಪಿಸಿದ ಯಜಮಾನರಿಗೆ

ಬಳ್ಳಾರಿಯ ನಮ್ಮ ಚರ್ಚಿನಲ್ಲಿ ಭಾನುವಾರದ ಆರಾಧನೆ ಮುಗಿದ ಮೇಲೆ ನನ್ನೊಡನೆ ಮಾತಿಗೆ ನಿಂತ ಯಜಮಾನರೇ, ಹೆಸರು ಕೇಳುವಷ್ಟರಲ್ಲಿ ಸಿರುಗುಪ್ಪದ ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟಿರಿ. ಅದಕ್ಕೇ ಈ ನಾಲ್ಕು ಸಾಲು.

ಬೆಂಗಳೂರಿನ ಕೆಲಸ ಬಿಟ್ಟು ಬಂದ ನನ್ನ ಕಿರಿಯ ಮಗನ ಉಪಚಾರದಲ್ಲಿ ಇಡೀ ಮನೆ ಮುಳುಗಿತ್ತು. ಜೀನ್ಸ್ ಹೊಲಿಗೆ ಘಟಕ ನಡೆಸುತ್ತ ಸಂಸಾರ ಎಳೆಯುತ್ತಿರುವ ಹಿರಿಯವನು ಊಟಕ್ಕೂ ಬರುವುದನ್ನು ನಿಲ್ಲಿಸಿದ್ದ. ನೀವು ಬುದ್ಧಿ ಹೇಳಲಿಲ್ಲ (ಹೇಳುವವರಿಗೇನು ಬರವೇ!). ಲೂಕನ ಸುವಾರ್ತೆಯ 15ನೆಯ ಅಧ್ಯಾಯ ತೆರೆದು, ಒಂದು ಸಾಲಿನ ಕೆಳಗೆ ಉಗುರಿನಿಂದ ಗೀರಿ ತೋರಿಸಿದಿರಿ. ಅಲ್ಲಿ ಯೇಸು ಹೇಳಿದ ಕಥೆಯಲ್ಲಿ, ತನ್ನ ಪಾಲಿನ ಆಸ್ತಿ ಹಾಳುಮಾಡಿ ಮರಳಿದ ಕಿರಿಯ ಮಗನತ್ತ ಓಡಿ, ಅವನಿಗಾಗಿ ಔತಣ ಮಾಡಿಸಿದ ತಂದೆಯನ್ನು ಎಲ್ಲರೂ ಬಲ್ಲರು. ಅದೇ ತಂದೆ ಔತಣದ ನಡುವೆ ಎದ್ದು, ಸಿಟ್ಟಿನಿಂದ ಹೊರಗೇ ನಿಂತ ಹಿರಿಯ ಮಗನನ್ನು ಬೇಡಿಕೊಳ್ಳಲೂ ಬಂದ. ಆ ಮಗ ಒಳಗೆ ಹೋದನೋ ಇಲ್ಲವೋ, ಯೇಸು ಹೇಳಲಿಲ್ಲ. "ಅದು ಮಗನಿಗೆ ಬಿಟ್ಟದ್ದು, ಹೊರಗೆ ಬರುವುದು ಅಪ್ಪನ ಪಾಲು" ಎಂದಿರಿ.

1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರಲು ದುಡಿದ ಊರಿದು. ಇಲ್ಲಿ ಅಷ್ಟು ಹಳೆಯದಾದ ಕಥೆಯ ಉತ್ತರಾರ್ಧ ನನಗೆ ಅಂದೇ ಕೇಳಿಸಿದ್ದು.

ಮರುದಿನ ಘಟಕಕ್ಕೆ ಹೋದೆ. ಹೊಲಿಗೆ ಯಂತ್ರಗಳ ಸದ್ದಿನಲ್ಲಿ ಮಾತು ಸಾಗಲಿಲ್ಲ. ಮಗ ಬಟ್ಟೆಯ ಕಟ್ಟೊಂದನ್ನು ಸರಿಸಿ ಕೂರಲು ಜಾಗ ಮಾಡಿದ. ಒಗ್ಗರಣೆ ಮಂಡಕ್ಕಿ, ಮಿರ್ಚಿ ತರಿಸಿದ. ತಮ್ಮನ ಮಾತನ್ನು ಇನ್ನೂ ಎತ್ತುವುದಿಲ್ಲ. ರಾತ್ರಿ ಊಟಕ್ಕೆ ಮಾತ್ರ ಬರುತ್ತಿದ್ದಾನೆ.

ನಿಮಗೆ ಹೃದಯಪೂರ್ವಕ ಧನ್ಯವಾದಗಳು. ಅವನ ಮಗುವಿಗೆ ದೀಕ್ಷಾಸ್ನಾನ ಮಾಡಿಸಲಿದ್ದೇವೆ. ಚರ್ಚಿನ ಸೂಚನಾ ಫಲಕದಲ್ಲಿ ದಿನಾಂಕ ಹಾಕಿಸುತ್ತೇನೆ, ಮನೆಯವರೊಂದಿಗೆ ಊಟಕ್ಕೆ ಬನ್ನಿ.