ಹೊರಟು ನಿಂತವರನ್ನು ಮಾಸ್ಟರ್ಸ್ ಬಗ್ಗೆ ಈಗಲೇ ಕೇಳಬೇಡಿ

ಜುಲೈ ಬಂತೆಂದರೆ ಇಲ್ಲಿ ಜರ್ಮನಿಯಲ್ಲಿ ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಒಂದೇ ಬಗೆಯ ಮೆಸೇಜುಗಳು. ಸೈಕಲ್ ಮಾರಾಟಕ್ಕಿದೆ. ಚಳಿಗಾಲದ ಕೋಟು ಬೇಕಾದವರು ಬಂದು ಒಯ್ಯಿರಿ. ಐದು ಲೀಟರಿನ ಕುಕ್ಕರ್ ಇದೆ, ಗ್ಯಾಸ್ಕೆಟ್ ಹೊಸದು. ಕಳೆದ ಅಕ್ಟೋಬರಿನಲ್ಲಿ ಸ್ಟುಟ್‌ಗಾರ್ಟ್, ಟ್ಯೂಬಿಂಗನ್, ಕಾರ್ಲ್ಸ್‌ರೂಹೆ ಕಡೆ ಒಂದು ವರ್ಷದ ಎಕ್ಸ್‌ಚೇಂಜ್ ವಿದ್ಯಾರ್ಥಿಗಳಾಗಿ ಬಂದಿದ್ದ ನಮ್ಮ ಹುಡುಗ ಹುಡುಗಿಯರು ಗಂಟುಮೂಟೆ ಕಟ್ಟುತ್ತಿದ್ದಾರೆ. ನವೆಂಬರಿನ ರಾಜ್ಯೋತ್ಸವಕ್ಕೆ ಕುರ್ಚಿ ಹೊತ್ತವರು, ಯುಗಾದಿಗೆ ಹೋಳಿಗೆ ಬಡಿಸಿದವರು ಇವರೇ. ಈ ಸಲದ ಸಂಪಾದಕೀಯ ಅವರ ಬಗ್ಗೆ, ಮತ್ತು ಅವರನ್ನು ಕಳಿಸಿಕೊಡುವ ನಮ್ಮ ಬಗ್ಗೆ.

ಹೊರಟವರು ಸಿಕ್ಕಾಗ ನಾವೆಲ್ಲ ಕೇಳುವುದು ಎರಡೇ ಪ್ರಶ್ನೆ. "ಊರಿಗೆ ಹೋಗ್ತಿದ್ದೀಯ, ಖುಷಿ ಅಲ್ವಾ?" ಮತ್ತು "ಮಾಸ್ಟರ್ಸ್‌ಗೆ ವಾಪಸ್ ಬರ್ತೀಯ ತಾನೆ?" ಎರಡೂ ಪ್ರೀತಿಯಿಂದಲೇ ಬರುವ ಪ್ರಶ್ನೆಗಳು. ಆದರೆ ಕೇಳಿದಾಗ ಆ ಮಕ್ಕಳ ಮುಖ ನೋಡಿ. ಮೊದಲನೆಯದಕ್ಕೆ ಹೌದು ಅನ್ನುತ್ತಾರೆ, ಎರಡನೆಯದಕ್ಕೆ ನೋಡ್ಬೇಕು ಅನ್ನುತ್ತಾರೆ, ಆಮೇಲೆ ಮಾತು ಬದಲಿಸುತ್ತಾರೆ.

ನಮ್ಮಲ್ಲಿ ಹೆಚ್ಚಿನವರು ಬಂದ ದಾರಿ ಬೇರೆ. ಮಾಸ್ಟರ್ಸ್‌ಗೆ ಬಂದೆವು, ಇಲ್ಲವೇ ಕೆಲಸಕ್ಕೆ ಬಂದೆವು, ಬಾಗಿಲು ತೆರೆದೇ ಇತ್ತು. ಎಕ್ಸ್‌ಚೇಂಜ್‌ಗೆ ಬಂದವರಿಗೆ ವಾಪಸ್ ಹೋಗುವ ತಿಂಗಳು ಬರುವ ಮೊದಲೇ ಗೊತ್ತಿರುತ್ತದೆ. ನಾವಿರುವ ಈ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಓದಲು ಬಂದವರು 2017ರಿಂದ ಸೆಮಿಸ್ಟರಿಗೆ 1,500 ಯೂರೋ ಫೀಸು ಕಟ್ಟಬೇಕು. ಎರಡು ಯೂನಿವರ್ಸಿಟಿಗಳ ಒಪ್ಪಂದದ ಮೇಲೆ ಬಂದವರಿಗೆ ಅದು ಇಲ್ಲ. ಖರ್ಚು ಮಾತ್ರ ತಪ್ಪಿದ್ದಲ್ಲ. ಖರ್ಚಿಗೆ ದುಡ್ಡಿದೆ ಅಂತ ವೀಸಾಕ್ಕೆ ತೋರಿಸಲು ಮೊದಲೇ ತುಂಬಿಡುವ ಬ್ಲಾಕ್ಡ್ ಅಕೌಂಟಿಗೆ ವರ್ಷಕ್ಕೆ 11,904 ಯೂರೋ, ಅಂದರೆ ತಿಂಗಳಿಗೆ 992. ಸ್ಕಾಲರ್‌ಶಿಪ್ ಸಿಗದವರ ಮನೆಯಲ್ಲಿ ಆ ದುಡ್ಡು ಹೇಗೆ ಕೂಡಿತು ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಟ್ಯೂಬಿಂಗನ್ನಿನಲ್ಲಿ ಓದುತ್ತಿರುವ ಹಾಸನ ಕಡೆಯ ಹುಡುಗಿಯೊಬ್ಬಳು ಹೋದ ವಾರ ಫೋನ್ ಮಾಡಿದ್ದಳು. ಅವಳಿರುವುದು ಹಳೇ ಕಾಲದ ನಾಲ್ಕು ಮಹಡಿ ಮನೆಯಲ್ಲಿ, ಅಡುಗೆಮನೆ ಹಂಚಿಕೊಂಡು. ಈ ಸೀಮೆಯ ಕೇರ್‌ವೋಖೆ ನಮಗೆಲ್ಲ ಗೊತ್ತೇ ಇದೆ. ಮೆಟ್ಟಿಲು, ನೆಲಮಾಳಿಗೆಯ ದಾರಿ, ಮನೆ ಮುಂದಿನ ಕಾಲುದಾರಿ ಗುಡಿಸಿ ಒರೆಸುವ ಪಾಳಿ, ಯಾರ ವಾರವೋ ಅವರ ಬಾಗಿಲಿಗೆ ಹಲಗೆ ನೇತುಹಾಕಿರುತ್ತಾರೆ. ಅವಳ ಮೊದಲ ಪಾಳಿಯಲ್ಲಿ ಕೆಳಮಹಡಿಯ ಅಜ್ಜಿ ಬಂದು ಮೆಟ್ಟಿಲಿನ ಮೂಲೆಗೆ ಬೆರಳು ಒತ್ತಿ ಧೂಳು ತೋರಿಸಿದ್ದರಂತೆ. ಅವತ್ತು ರಾತ್ರಿ ಅಮ್ಮನಿಗೆ ಫೋನ್ ಮಾಡಿ ಅತ್ತಿದ್ದಳಂತೆ. ಚಳಿಗಾಲ ಕಳೆಯುವ ಹೊತ್ತಿಗೆ ಅದೇ ಅಜ್ಜಿ ಸೇಬಿನ ಕೇಕ್ ಮಾಡಿದಾಗಲೆಲ್ಲ ಒಂದು ತುಂಡು ಇವಳ ಬಾಗಿಲಿಗೆ ತಂದುಕೊಡುತ್ತಿದ್ದರು, ಇವಳು ಅವರಿಗೆ ಉಪ್ಪಿಟ್ಟು ಕೊಟ್ಟು ಬರುತ್ತಿದ್ದಳು. ಹೋದ ಭಾನುವಾರ ಅವಳ ಕೊನೆಯ ಪಾಳಿ ಮುಗಿಯಿತು. ಒರೆಸಿ, ಬಕೆಟ್ ತೊಳೆದಿಟ್ಟು, ಹಲಗೆಯನ್ನು ಪಕ್ಕದ ಬಾಗಿಲಿಗೆ ಸಿಕ್ಕಿಸಿದಳು. "ಇನ್ನು ನಂಗೆ ಬರೋದೇ ಇಲ್ಲ ಆಂಟಿ, ಅದು" ಅಂತ ಹೇಳುವಾಗ ಅವಳ ದನಿ ಒಡೆಯಿತು.

ಇದನ್ನು ಕೇಳಿದ ಒಬ್ಬರು "ಪಾಪ, ಅವಳಿಗೆ ಇಲ್ಲೇ ಇರೋ ಆಸೆ" ಅಂದರು. ನನಗೆ ಹಾಗನ್ನಿಸುವುದಿಲ್ಲ. ಅವಳು ಜರ್ಮನಿಗಾಗಿ ಅಳುತ್ತಿಲ್ಲ. ಆ ಅಡುಗೆಮನೆಯಲ್ಲಿ ಅವಳ ಜೊತೆಗಿದ್ದ ಸ್ಪೇನಿನ ಹುಡುಗಿ, ಕೊರಿಯಾದವನು, ಬ್ರೆಜಿಲಿನವಳು ಎಲ್ಲರೂ ಇದೇ ಜುಲೈಯಲ್ಲಿ ತಮ್ಮ ತಮ್ಮ ದೇಶಕ್ಕೆ ಹೊರಡುತ್ತಾರೆ. ಎರಡು ವರ್ಷ ಬಿಟ್ಟು ಇವಳು ಮಾಸ್ಟರ್ಸ್‌ಗೆ ಬಂದರೆ ನೆಕ್ಕರ್ ನದಿ ಇರುತ್ತದೆ, ಅದರ ಮೇಲೆ ಕೋಲು ಊರಿ ನಡೆಸುವ ಉದ್ದನೆಯ ದೋಣಿಗಳಿರುತ್ತವೆ, 1477ರಲ್ಲಿ ಶುರುವಾದ ಯೂನಿವರ್ಸಿಟಿಯೂ ಎಲ್ಲಿಗೂ ಹೋಗುವುದಿಲ್ಲ. ಆದರೆ ಡಿಸೆಂಬರಿನಲ್ಲಿ ನಾಲ್ಕೂವರೆಗೆಲ್ಲ ಕತ್ತಲಾದಾಗ ಒಂದೇ ಪಾತ್ರೆಯಿಂದ ಬಡಿಸಿಕೊಂಡು ಕೂತ ಆ ಗುಂಪು ಮತ್ತೆ ಒಂದು ಕಡೆ ಸೇರುವುದಿಲ್ಲ. ನಾವು ಊರು ಬಿಟ್ಟು ಬಂದಾಗ ಊರು ಅಲ್ಲೇ ಇತ್ತು, ರಜೆಗೆ ಹೋದರೆ ಸಿಗುತ್ತಿತ್ತು. ಇವರು ಬಿಟ್ಟು ಹೋಗುತ್ತಿರುವುದು ಇವರ ಜೊತೆಗೇ ಮುಗಿದುಹೋಗುತ್ತದೆ. ಅಂಥವರಿಗೆ ವೀಸಾ ಸಲಹೆ ಕೊಟ್ಟರೆ ಏನು ಪ್ರಯೋಜನ?

ಇನ್ನೊಂದು ವಿಷಯ ಇದೆ, ಇದನ್ನು ಅವರು ಯಾರ ಹತ್ತಿರವೂ ಬಾಯಿ ಬಿಟ್ಟು ಹೇಳುವುದಿಲ್ಲ. ಮನೆಗೆ ಹೋಗುವಾಗ ಬೇಜಾರಾಗುತ್ತದೆ ಅಂತ ಹೇಳಿದರೆ ಅಪ್ಪ ಅಮ್ಮನಿಗೆ ದ್ರೋಹ ಮಾಡಿದ ಹಾಗೆ ಅನ್ನಿಸುತ್ತದೆ ಅವರಿಗೆ. ಅಲ್ಲಿ ಅಮ್ಮ ದಿನ ಎಣಿಸುತ್ತಿದ್ದಾಳೆ, ದಸರಾಕ್ಕೆ ಮಗಳು ಮನೆಯಲ್ಲಿರುತ್ತಾಳೆ ಅಂತ ಓಣಿಗೆಲ್ಲ ಹೇಳಿದ್ದಾಳೆ. ಮಗಳಿಗೂ ಅಮ್ಮ ಬೇಕು, ಅಮ್ಮನ ಕೈಯಡುಗೆ ಬೇಕು, ಜೋರು ಮಳೆ ಬೇಕು, ಅಂಗಡಿಯವರ ಹತ್ತಿರ ಕನ್ನಡದಲ್ಲಿ ಮಾತಾಡಬೇಕು, ಅದರಲ್ಲಿ ಸುಳ್ಳಿಲ್ಲ. ಖುಷಿಯೂ ಪೂರ್ತಿ ಇದೆ, ಸಂಕಟವೂ ಪೂರ್ತಿ ಇದೆ. ಒಂದು ಇನ್ನೊಂದನ್ನು ಕಡಿಮೆ ಮಾಡುವುದಿಲ್ಲ. ನಾವು ಸುಮ್ನೆ "ಎಲ್ಲ ಸರಿಹೋಗುತ್ತೆ ಬಿಡು" ಅಂದರೆ ಅವರು ಖುಷಿಯನ್ನಷ್ಟೇ ತೋರಿಸಿ ಉಳಿದದ್ದನ್ನು ನುಂಗಿಕೊಳ್ಳುತ್ತಾರೆ.

ಊರಿಗೆ ಹೋದ ಮೇಲೂ ಸುಲಭವಲ್ಲ. ನಾರ್ವೆಯ ಲಿಸ್‌ಗಾರ್ಡ್ ಎಂಬ ಸಮಾಜಶಾಸ್ತ್ರಜ್ಞ ಅಮೆರಿಕಕ್ಕೆ ಹೋಗಿಬಂದ ನಾರ್ವೆಯ ಫುಲ್‌ಬ್ರೈಟ್ ಸ್ಕಾಲರ್‌ಶಿಪ್ ಪಡೆದವರನ್ನು ಮಾತಾಡಿಸಿ 1955ರಲ್ಲಿ ಬರೆದ. ಹೊಸ ದೇಶದಲ್ಲಿ ಮೊದಲು ಉತ್ಸಾಹ, ಆಮೇಲೆ ಕುಸಿತ, ಆಮೇಲೆ ಹೊಂದಿಕೆ, ಇಂಗ್ಲಿಷಿನ ಯು ಅಕ್ಷರದ ಹಾಗೆ. 1963ರಲ್ಲಿ ಅಮೆರಿಕದ ಗುಲ್ಲಾಹಾರ್ನ್ ದಂಪತಿ ಅದಕ್ಕೆ ಇನ್ನೊಂದು ಯು ಸೇರಿಸಿ ಡಬ್ಲ್ಯೂ ಮಾಡಿದರು, ಏಕೆಂದರೆ ಮನೆಗೆ ಮರಳಿದವರೂ ಎರಡನೇ ಸಲ ಕುಸಿಯುತ್ತಿದ್ದರು. ಎಲ್ಲರಿಗೂ ಹೀಗೇ ಆಗಬೇಕೆಂದೇನಿಲ್ಲ, ಮುಂದಿನವರು ಈ ಗೆರೆಗಳನ್ನು ಪ್ರಶ್ನಿಸಿದ್ದಾರೆ ಕೂಡ. ಆದರೆ ಹೋದ ವರ್ಷಗಳಲ್ಲಿ ಇಲ್ಲಿಂದ ಮರಳಿದ ಮಕ್ಕಳು ಹೇಳುವುದು ಇದನ್ನೇ. ಮೊದಲ ಎರಡು ದಿನ ಎಲ್ಲರೂ ಕೇಳುತ್ತಾರೆ. ಮೂರನೇ ದಿನ "ಅಲ್ಲಿ ಹಿಂಗಿತ್ತು" ಅಂತ ಬಾಯಿ ತೆಗೆದರೆ "ಬಂದ್ಳಪ್ಪ ಫಾರಿನ್‌ನವಳು" ಅನ್ನುತ್ತಾರೆ. ಕಾಲೇಜು ಆಗಲೇ ಶುರುವಾಗಿರುತ್ತದೆ, ಇಲ್ಲಿನ ಕ್ರೆಡಿಟ್ ಅಲ್ಲಿ ಒಪ್ಪಿಸುವ ಓಡಾಟ ಬೇರೆ. ಒಂದು ವರ್ಷದ ಬದುಕು ಹೇಳಿಕೊಳ್ಳಲು ಜನವೇ ಇಲ್ಲದಂತಾಗುತ್ತದೆ.

ಟ್ಯೂಬಿಂಗನ್ ಅಂದಾಗ ನನಗೆ ಕನ್ನಡ-ಇಂಗ್ಲಿಷ್ ನಿಘಂಟು ಬರೆದ ಜರ್ಮನ್ ಪಾದ್ರಿ ಕಿಟೆಲ್ ನೆನಪಾಗದೆ ಇರುವುದಿಲ್ಲ. 1853ರಲ್ಲಿ, ಇನ್ನೂ ಇಪ್ಪತ್ತೊಂದರ ವಯಸ್ಸಿನಲ್ಲಿ, ನಮ್ಮ ನಾಡಿಗೆ ಹೋದವರು. ನಡುವೆ ಒಮ್ಮೆ ಜರ್ಮನಿಗೆ ಬಂದು ಮತ್ತೆ ಹೋದರು. ಕೊನೆಗೆ 1892ರಲ್ಲಿ ಮರಳಿ ಟ್ಯೂಬಿಂಗನ್ನಿನಲ್ಲಿ ನೆಲೆಸಿದರು. ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿದ್ದು 1894ರಲ್ಲಿ, ಅವರು ಇಲ್ಲಿಗೆ ಬಂದಾದ ಮೇಲೆ. ಕನ್ನಡ ವ್ಯಾಕರಣ ಹೊರಬಂದಿದ್ದು 1903ರಲ್ಲಿ, ಅವರು ತೀರಿಕೊಂಡ ವರ್ಷ. ಸ್ವಂತ ದೇಶಕ್ಕೆ ಮರಳಿದ ಮೇಲೂ ಕೊನೆಯ ತನಕ ಅವರ ಮೇಜಿನ ಮೇಲೆ ಕನ್ನಡವೇ ಇತ್ತು. ಆ ಹುಡುಗಿಗೆ ಇದನ್ನು ಹೇಳಿದೆ. ಅವಳು ಜರ್ಮನ್ ಭಾಷೆಯ ಬಿ1 ಹಂತ ಮುಗಿಸಿದ್ದಾಳೆ, ಜರ್ಮನ್ ಕಲಿಸುವ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಮುಂದಿನ ಹಂತ ಬಿ2ಗೆ ಸೇರುತ್ತಾಳಂತೆ. ಮಾಸ್ಟರ್ಸ್‌ಗಲ್ಲ. ಕೆಳಮಹಡಿಯ ಅಜ್ಜಿಗೆ ಕಾಗದ ಬರೆಯಬೇಕು ಅಂತ.

ಇನ್ನು ಕೆಲಸದ ಮಾತು. ಹೊರಡುವವರು ಅಬ್‌ಮೆಲ್ಡುಂಗ್, ಅಂದರೆ ಊರು ಬಿಡುತ್ತಿದ್ದೇವೆ ಅಂತ ಇಲ್ಲಿನ ಕಚೇರಿಯಲ್ಲಿ ವಿಳಾಸದ ನೋಂದಣಿ ತೆಗೆಸುವುದನ್ನು ಮರೆಯಬೇಡಿ. ಮನೆ ಬಿಡುವ ಒಂದು ವಾರ ಮುಂಚಿನಿಂದ, ಬಿಟ್ಟು ಎರಡು ವಾರದೊಳಗೆ ಮಾಡಬಹುದು. ರೇಡಿಯೋ-ಟಿವಿ ಶುಲ್ಕ ನಿಮ್ಮ ಹೆಸರಿನಲ್ಲಿದ್ದರೆ ಅದನ್ನು ಬೇರೆಯಾಗಿ ನಿಲ್ಲಿಸಿ. ಮನೆಯ ಡಿಪಾಸಿಟ್ ಬರುವ ತನಕ ಬ್ಯಾಂಕ್ ಖಾತೆ ಮುಚ್ಚಬೇಡಿ. ಕಾರು ಇರುವ ಸದಸ್ಯರು ಏರ್‌ಪೋರ್ಟಿಗೆ ಯಾರನ್ನು ಯಾವತ್ತು ಬಿಡಬಲ್ಲಿರಿ ಅಂತ ಗುಂಪಿನಲ್ಲಿ ತಿಳಿಸಿ.

ಸದಸ್ಯರಲ್ಲಿ ನನ್ನ ದೊಡ್ಡ ಕೋರಿಕೆ ಬೇರೆ. ಹೊರಡುವ ಮುನ್ನ ಪ್ರತಿಯೊಬ್ಬರನ್ನೂ ಯಾರಾದರೂ ಒಬ್ಬರು ಮನೆಗೆ ಊಟಕ್ಕೆ ಕರೆಯಿರಿ, ಮುಂದೇನು ಅಂತ ಕೇಳದೆ ಈ ವರ್ಷ ಹೇಗಿತ್ತು ಅಂತ ಕೇಳಿ, ಅವರು ಹೇಳುವಷ್ಟೂ ಹೊತ್ತು ಕೂತು ಕೇಳಿಸಿಕೊಳ್ಳಿ. ಅಕ್ಟೋಬರಿನಲ್ಲಿ ಅದೇ ಮಗುವಿಗೆ ಒಂದು ಫೋನ್ ಮಾಡಿ. ಅಲ್ಲಿ ಕೇಳುವ ಕಿವಿ ಕಡಿಮೆಯಾಗಿರುವ ಸಮಯ ಅದು. ಇಲ್ಲಿ ಸಂಜೆ ಐದಾದರೆ ಅಲ್ಲಿ ರಾತ್ರಿ ಎಂಟೂವರೆ. ತಿಂಗಳ ಕೊನೆಯ ಭಾನುವಾರ ಗಡಿಯಾರ ಬದಲಾದ ಮೇಲೆ ಒಂಬತ್ತೂವರೆ.

ಮುಂದಿನ ಸಂಚಿಕೆಯ ನಾಲ್ಕು ಪುಟ ಹೊರಡುವವರಿಗೇ ಮೀಸಲು. ಕೈಬರಹದ ಫೋಟೋ ಕಳಿಸಿದರೂ ಸರಿ, ದನಿಯಲ್ಲಿ ಹೇಳಿ ಕಳಿಸಿದರೂ ಸರಿ, ಟೈಪ್ ಮಾಡುವುದನ್ನು ನಾವು ನೋಡಿಕೊಳ್ಳುತ್ತೇವೆ. ಊರಿಗೆ ತಲುಪಿ, ನಿದ್ದೆ ಮುಗಿಸಿ, ಆಗಸ್ಟ್ 20ರೊಳಗೆ ಕಳಿಸಿದರೆ ಸಾಕು.